ಉತ್ತರದ ಋತುಗಳನ್ನು ಚಿತ್ರೀಕರಿಸುವ ವೃತ್ತಿ: ಹವಾಮಾನ ವಿಡಿಯೊಗ್ರಾಫರ್ ಆಗಬಯಸುವವರಿಗೆ ಕೈಪಿಡಿ

ಅಮೆರಿಕದ ಮಿನ್ನೆಸೋಟ, ವಿಸ್ಕಾನ್ಸಿನ್, ಉತ್ತರ ಮತ್ತು ದಕ್ಷಿಣ ಡಕೋಟ, ಮಹಾಸರೋವರಗಳ ದಂಡೆ, ಗಡಿಯಾಚೆ ಕೆನಡಾದ ಮ್ಯಾನಿಟೋಬ ಪ್ರಾಂತ್ಯ, ಇಷ್ಟು ಸೇರಿದ ಸೀಮೆಯಲ್ಲಿ ಹವಾಮಾನವನ್ನು ಚಿತ್ರೀಕರಿಸಿ ಸುದ್ದಿವಾಹಿನಿಗಳಿಗೆ ಒದಗಿಸುವುದನ್ನೇ ಜೀವನೋಪಾಯ ಮಾಡಿಕೊಂಡವರಿಗೆ ಒಂದೇ ಹೆಸರಿನಡಿ ನಾಲ್ಕು ಬೇರೆ ಬೇರೆ ಕೆಲಸಗಳಿರುತ್ತವೆ. ನವೆಂಬರ್‌ನಲ್ಲಿ ಸರೋವರದ ಬಿರುಗಾಳಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಿಮ, ಏಪ್ರಿಲ್‌ನಲ್ಲಿ ನೆರೆ, ಜೂನ್ ಮತ್ತು ಜುಲೈನಲ್ಲಿ ಸುಂಟರಗಾಳಿ, ಆಲಿಕಲ್ಲು, ಸಿಡಿಲು. ದಕ್ಷಿಣದ ಬಯಲುಗಳಲ್ಲಿ ಮೇ ತಿಂಗಳ ಸುಂಟರಗಾಳಿಗಳನ್ನು ಬೆನ್ನಟ್ಟಿ ಮನೆಗೆ ಮರಳುವವರಿಗೆ ಒಂದು ಋತುವಿನ ತಿಳಿವಳಿಕೆ ಸಾಕಾಗಬಹುದು. ಉತ್ತರದಲ್ಲಿ ನೆಲೆಸಿ ವರ್ಷವಿಡೀ ದುಡಿಯುವವರು ಎರಡು ಮೂರು ತಿಂಗಳಿಗೊಮ್ಮೆ ವಾಹನದಲ್ಲಿರುವ ಸಾಮಾನನ್ನೂ, ಕ್ಯಾಮೆರಾದ ಹೊಂದಾಣಿಕೆಯನ್ನೂ, ಅಪಾಯದ ಲೆಕ್ಕಾಚಾರವನ್ನೂ ಬದಲಿಸಿಕೊಳ್ಳಬೇಕಾಗುತ್ತದೆ. ಋತು ಯಾವುದಾದರೂ ಬದಲಾಗದ ನಿಯಮ ಒಂದಿದೆ, ಮುಂದೆ ಬರುವ ಮಾತುಗಳೆಲ್ಲ ಅದರ ವಿವರಣೆಯೇ ಆಗಿವೆ: ಹವಾಮಾನ ಬರುವ ಮೊದಲೇ ನೀವು ಅಲ್ಲಿ ನಿಂತಿರಬೇಕು, ಮತ್ತು ನಿಲ್ಲುವ ಮೊದಲೇ ಅಲ್ಲಿಂದ ಹೊರಡುವ ದಾರಿಯನ್ನು ಗೊತ್ತುಮಾಡಿಕೊಂಡಿರಬೇಕು.

ಮೊದಲು ಮುನ್ಸೂಚನೆ, ಆಮೇಲೆ ಕ್ಯಾಮೆರಾ

ಹೊಸಬರಲ್ಲಿ ಬಹುತೇಕರು ಕೈಯಲ್ಲಿರುವ ಹಣವನ್ನೆಲ್ಲ ಕ್ಯಾಮೆರಾಕ್ಕೆ ಸುರಿದು, ಮುನ್ಸೂಚನೆಯನ್ನು ಮಾತ್ರ ಫೋನಿನಲ್ಲಿ ಕಾಣುವ ಮೋಡದ ಪುಟ್ಟ ಚಿತ್ರಕ್ಕೆ ಬಿಟ್ಟುಬಿಡುತ್ತಾರೆ. ಈ ಕ್ರಮ ತಿರುಗುಮುರುಗಾಗಬೇಕು. ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಪ್ರಾದೇಶಿಕ ಕಚೇರಿಗಳು, ಅಂದರೆ ಮಿನ್ನೆಸೋಟದ ಡುಲೂತ್, ಉತ್ತರ ಡಕೋಟದ ಗ್ರ್ಯಾಂಡ್ ಫೋರ್ಕ್ಸ್, ನ್ಯೂಯಾರ್ಕ್ ರಾಜ್ಯದ ಬಫಲೊ ಮುಂತಾದ ಕಡೆಯ ಕಚೇರಿಗಳು, ದಿನಕ್ಕೆ ಕೆಲವು ಬಾರಿ ‘ಫೋರ್‌ಕಾಸ್ಟ್ ಡಿಸ್ಕಷನ್’ ಎಂಬ ಟಿಪ್ಪಣಿಯನ್ನು ಪ್ರಕಟಿಸುತ್ತವೆ. ಕಂಪ್ಯೂಟರ್ ಮಾದರಿಗಳು ಎಲ್ಲಿ ಪರಸ್ಪರ ಒಪ್ಪುತ್ತಿಲ್ಲ, ಮಳೆ ಹಿಮವಾಗಿ ತಿರುಗುವ ಗೆರೆ ಯಾವ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಪ್ರದೇಶದ) ಮೇಲೆ ಬೀಳಬಹುದು, ಗಾಳಿ ಎಷ್ಟು ಹೊತ್ತಿಗೆ ದಿಕ್ಕು ಬದಲಿಸಬಹುದು ಎಂಬುದನ್ನು ಕರ್ತವ್ಯದಲ್ಲಿರುವ ಮುನ್ಸೂಚಕರು ತಮ್ಮ ಅನುಮಾನಗಳ ಸಮೇತ ಅಲ್ಲಿ ಬರೆದಿರುತ್ತಾರೆ. ಈ ವೃತ್ತಿಯವರಿಗೆ ಅತ್ಯಂತ ಬೆಲೆಯುಳ್ಳ ಭಾಗವೆಂದರೆ ಆ ಅನುಮಾನಗಳೇ, ಏಕೆಂದರೆ ಎಲ್ಲಿ ಕಾಯಬೇಕು ಮತ್ತು ಯಾವಾಗ ಜಾಗ ಬದಲಿಸಬೇಕು ಎಂಬ ತೀರ್ಮಾನ ಅವುಗಳ ಮೇಲೆ ನಿಂತಿರುತ್ತದೆ.

ಬೇಸಿಗೆಗೆ ಇನ್ನೊಂದು ಆಧಾರ ಒಕ್ಲಹೋಮದ ನಾರ್ಮನ್‌ನಲ್ಲಿರುವ ಸ್ಟಾರ್ಮ್ ಪ್ರಿಡಿಕ್ಷನ್ ಸೆಂಟರ್. ಇಡೀ ದೇಶದ ನಕ್ಷೆಯ ಮೇಲೆ ತೀವ್ರ ಗುಡುಗುಮಳೆಯ ಸಾಧ್ಯತೆಯನ್ನು ಅದು ಮಾರ್ಜಿನಲ್, ಸ್ಲೈಟ್, ಎನ್‌ಹ್ಯಾನ್ಸ್ಡ್, ಮಾಡರೇಟ್, ಹೈ ಎಂಬ ಐದು ಹಂತಗಳಲ್ಲಿ ಗುರುತಿಸುತ್ತದೆ. ಅತಿ ತೀವ್ರವಾದ ಕೊನೆಯ ಎರಡು ಹಂತಗಳಿಗಾಗಿ ಕಾಯುತ್ತ ಕುಳಿತವರು ಉತ್ತರದಲ್ಲಿ ಹೆಚ್ಚು ಚಿತ್ರೀಕರಿಸಲಾರರು. ಸ್ಲೈಟ್ ಎಂದು ಬರೆದ ದಿನವೂ ನೆಲಮಟ್ಟದಲ್ಲಿ ತೇವವಿದ್ದು, ಎತ್ತರಕ್ಕೆ ಹೋದಂತೆ ಗಾಳಿಯ ವೇಗ ಮತ್ತು ದಿಕ್ಕು ಚೆನ್ನಾಗಿ ಬದಲಾಗುತ್ತಿದ್ದರೆ ಬಯಲಿನ ನಡುವೆ ಒಂಟಿಯಾಗಿ ಬೆಳೆದು ತಿರುಗುವ ಗುಡುಗುಮೋಡ, ಅಂದರೆ ಸೂಪರ್‌ಸೆಲ್, ಸಿಗಬಹುದು, ಮತ್ತು ಚಿತ್ರಕ್ಕೆ ಒಂಟಿ ಸೂಪರ್‌ಸೆಲ್‌ನಷ್ಟು ಒದಗಿಬರುವುದು ಬೇರೆ ಯಾವುದೂ ಇಲ್ಲ. ಹವಾಮಾನ ಸೇವೆ ಸ್ಕೈವಾರ್ನ್ ಹೆಸರಿನಲ್ಲಿ, ಆಕಾಶವನ್ನು ಗಮನಿಸಿ ವರದಿ ಮಾಡುವ ವೀಕ್ಷಕರಿಗೆ ಉಚಿತ ತರಬೇತಿ ನೀಡುತ್ತದೆ. ಗುಡುಗುಮೋಡದ ಯಾವ ಭಾಗದಿಂದ ಗಾಳಿ ಒಳಗೆ ಹರಿಯುತ್ತದೆ, ಯಾವ ಭಾಗದಿಂದ ಮಳೆ ಮತ್ತು ತಂಪುಗಾಳಿ ಹೊರಗೆ ಬೀಳುತ್ತವೆ ಎಂಬುದನ್ನು ಅಲ್ಲಿ ಕಲಿಯದವರು ಅದರ ಹತ್ತಿರ ಹೋಗಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನವೆಂಬರ್: ಸುಪೀರಿಯರ್ ಸರೋವರದ ಬಿರುಗಾಳಿ

ಬೇಸಿಗೆಯ ಬಿಸಿಯನ್ನು ಇನ್ನೂ ಉಳಿಸಿಕೊಂಡಿರುವ ಸರೋವರದ ಮೇಲೆ ಧ್ರುವದ ಕಡೆಯ ತಂಪುಗಾಳಿ ಇಳಿಯತೊಡಗುವ ತಿಂಗಳು ನವೆಂಬರ್. ಈ ಎರಡರ ಅಂತರ ಹೆಚ್ಚಾದಷ್ಟೂ ಹಾದುಹೋಗುವ ವಾಯುಭಾರ ಕುಸಿತಗಳು ಬಲಗೊಳ್ಳುತ್ತವೆ. 1975ರ ನವೆಂಬರ್ 10ರಂದು ಅದಿರು ಹೊತ್ತ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಹಡಗು ತನ್ನ 29 ಸಿಬ್ಬಂದಿಯೊಂದಿಗೆ ಸುಪೀರಿಯರ್‌ನಲ್ಲಿ ಮುಳುಗಿದ್ದು ಇಂಥದೇ ಬಿರುಗಾಳಿಯಲ್ಲಿ.

ಡುಲೂತ್ ನಗರ ಈ ಸರೋವರದ ಪಶ್ಚಿಮ ತುದಿಯಲ್ಲಿದೆ, ಸರೋವರದ ಉದ್ದ ಸುಮಾರು 560 ಕಿಲೋಮೀಟರ್. ಹಾಗಾಗಿ ಗಾಳಿ ಈಶಾನ್ಯದಿಂದ ಬೀಸಿದರೆ ಅಲೆಗಳು ದೂರದ ತೆರೆದ ನೀರಿನ ಮೇಲೆ ಬೆಳೆದು ಬಂದು ಇಲ್ಲಿಯ ದಂಡೆಗೆ ಅಪ್ಪಳಿಸುತ್ತವೆ. ಅಷ್ಟೇ ವೇಗದ ಗಾಳಿ ವಾಯವ್ಯದಿಂದ ಬೀಸಿದರೆ ಡುಲೂತ್‌ನಲ್ಲಿ ಚಿತ್ರೀಕರಿಸಲು ಏನೂ ಇರುವುದಿಲ್ಲ. ಆ ದಿನದ ಅಲೆಗಳೆಲ್ಲ ಮಿಷಿಗನ್ ಕಡೆಯ ದಂಡೆಗೆ ಹೋಗುತ್ತವೆ. ಆದ್ದರಿಂದ ಇಲ್ಲಿ ಗಾಳಿಯ ವೇಗಕ್ಕಿಂತ ಮೊದಲು ದಿಕ್ಕನ್ನು ನೋಡುವುದನ್ನು ರೂಢಿಸಿಕೊಳ್ಳಬೇಕು.

ಹಡಗುಗಳು ಬಂದರಿಗೆ ಪ್ರವೇಶಿಸುವ ಕಾಲುವೆಯ ಎರಡೂ ಬದಿಗೆ ಕಾಂಕ್ರೀಟ್ ಕಟ್ಟೆಗಳಿದ್ದು, ಅವುಗಳ ತುದಿಯಲ್ಲಿ ದೀಪಸ್ತಂಭಗಳಿವೆ. ಬಿರುಗಾಳಿಯ ದಿನ ಆ ಕಟ್ಟೆಗಳ ಮೇಲೆ ಕಾಲಿಡಬೇಡಿ. ಅಲೆಗಳು ಒಂದೇ ಗಾತ್ರದಲ್ಲಿ ಬರುವುದಿಲ್ಲ, ದೊಡ್ಡವು ಗುಂಪಾಗಿ ಬರುತ್ತವೆ. ಮೂರು ನಿಮಿಷ ಒಣಗಿದಂತೆ ಕಂಡ ಜಾಗದ ಮೇಲೆ ನಾಲ್ಕನೆಯ ನಿಮಿಷ ಆಳೆತ್ತರದ ನೀರು ಹರಿದುಹೋಗಬಹುದು. ದಂಡೆಯ ಮೇಲೆ ಎತ್ತರದ ಜಾಗದಲ್ಲಿ ನಿಂತು, ಕಾಲು ಗಂಟೆಯಾದರೂ ಬರಿಗಣ್ಣಿನಲ್ಲಿ ನೀರನ್ನು ಗಮನಿಸಿ, ಆಮೇಲೆ ಟ್ರೈಪಾಡ್ ಊರಬೇಕು. ದೂರದಿಂದ ಟೆಲಿಫೋಟೊ ಲೆನ್ಸಿನಲ್ಲಿ ತೆಗೆದರೆ ದೀಪಸ್ತಂಭ ಮತ್ತು ಹಿಂದಿನ ಅಲೆ ಒಂದರ ಪಕ್ಕ ಒಂದು ಬಂದು ಅಲೆಯ ನಿಜವಾದ ಎತ್ತರ ನೋಡುಗರಿಗೆ ತಿಳಿಯುತ್ತದೆ. ಬರಿಯ ನೀರನ್ನು ತುಂಬಿಸಿದ ಚಿತ್ರದಲ್ಲಿ ಒಂದಡಿಯ ಅಲೆಯೂ ಹತ್ತಡಿಯ ಅಲೆಯೂ ಒಂದೇ ರೀತಿ ಕಾಣುತ್ತವೆ. ಮೈಕ್ರೊಫೋನಿಗೆ ದಪ್ಪ ತುಪ್ಪಳದ ಹೊದಿಕೆ ಅತ್ಯಗತ್ಯ. ಅದಿಲ್ಲದೆ ಕ್ಯಾಮೆರಾದ ಒಳಗಿನ ಮೈಕ್ ದಾಖಲಿಸುವುದು ಗಾಳಿ ಬಡಿಯುವ ಸದ್ದನ್ನಷ್ಟೇ, ಅಲೆಯ ಗರ್ಜನೆಯನ್ನಲ್ಲ.

ಹಿಮದ ತಿಂಗಳುಗಳು

ಉತ್ತರದ ಚಿತ್ರಗ್ರಾಹಕರಿಗೆ ನಿಜವಾದ ಪರೀಕ್ಷೆ ಇದು, ಮತ್ತು ವಾಹಿನಿಗಳಿಂದ ಅತಿ ಹೆಚ್ಚು ಬೇಡಿಕೆ ಇರುವುದೂ ಈ ತಿಂಗಳುಗಳಲ್ಲೇ. ಹಿಮ ಬೀಳುವ ಬಗೆಗಳನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು, ಏಕೆಂದರೆ ಒಂದೊಂದಕ್ಕೂ ನಿಲ್ಲುವ ಜಾಗ ಬೇರೆ.

ಮೊದಲನೆಯದು ಸರೋವರದಿಂದಲೇ ಹುಟ್ಟುವ ಹಿಮ, ಇದನ್ನು ಲೇಕ್ ಎಫೆಕ್ಟ್ ಎನ್ನುತ್ತಾರೆ. ಸರೋವರದ ಮೇಲ್ಮೈಗೂ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿ ಸೆಲ್ಸಿಯಸ್‌ನಷ್ಟು ಅಂತರ ಬಿದ್ದಾಗ ನೀರಾವಿ ಜೋರಾಗಿ ಮೇಲೆದ್ದು, ಗಾಳಿಯ ದಿಕ್ಕಿನಲ್ಲಿ ಉದ್ದನೆಯ, ಕಿರಿದಾದ ಮೋಡದ ಪಟ್ಟಿಯಾಗಿ ದಂಡೆಯ ಮೇಲೆ ಹಿಮ ಸುರಿಯುತ್ತದೆ. 2014ರ ನವೆಂಬರ್‌ನಲ್ಲಿ ಈರಿ ಸರೋವರದಿಂದ ಎದ್ದ ಇಂಥ ಪಟ್ಟಿ ಬಫಲೊದ ದಕ್ಷಿಣದ ಉಪನಗರಗಳಲ್ಲಿ 5 ಅಡಿಗೂ ಮಿಕ್ಕಿ ಹಿಮ ಸುರಿದರೆ, ಕೆಲವೇ ಕಿಲೋಮೀಟರ್ ಉತ್ತರಕ್ಕೆ ಬಿದ್ದದ್ದು ಬೆರಳೆಣಿಕೆಯ ಅಂಗುಲಗಳು. ಹೊಸಬರು ಪಟ್ಟಿಯ ಒಳಕ್ಕೇ ನುಗ್ಗಲು ನೋಡುತ್ತಾರೆ. ಒಳಗೆ ಹೋದ ಮೇಲೆ ಕಾಣುವುದು ಬರಿಯ ಬಿಳುಪು. ಅತ್ಯುತ್ತಮ ದೃಶ್ಯ ಪಟ್ಟಿಯ ಅಂಚಿನಲ್ಲಿರುತ್ತದೆ: ಬಿಸಿಲು ಬಿದ್ದ ಕಡೆ ನಿಂತು, ನೆಲದಿಂದ ಆಕಾಶದವರೆಗೆ ಎದ್ದು ನಿಂತ ಬೂದುಬಿಳಿ ಗೋಡೆ ಊರಿನ ಕಟ್ಟಡಗಳನ್ನು ಒಂದೊಂದಾಗಿ ನುಂಗುತ್ತ ಬರುವುದನ್ನು ಅಲುಗಾಡದ ಕ್ಯಾಮೆರಾದಲ್ಲಿ ಹಿಡಿಯಬೇಕು. ಗಾಳಿ ಸ್ವಲ್ಪ ತಿರುಗಿದರೂ ಪಟ್ಟಿ ಜರುಗುತ್ತದೆ, ಆದ್ದರಿಂದ ವಾಹನದ ಮೂತಿ ಹೊರಡುವ ದಿಕ್ಕಿಗೇ ಇರಲಿ.

ಎರಡನೆಯದು ಬ್ಲಿಝರ್ಡ್, ಹಿಮದ ಬಿರುಗಾಳಿ. ಹವಾಮಾನ ಸೇವೆಯ ವ್ಯಾಖ್ಯೆಯಂತೆ ಗಂಟೆಗೆ 56 ಕಿಲೋಮೀಟರ್ ಅಥವಾ ಹೆಚ್ಚಿನ ಗಾಳಿ, ಬೀಳುವ ಅಥವಾ ಹಾರುವ ಹಿಮದಿಂದ ಸುಮಾರು 400 ಮೀಟರ್‌ಗೂ ಕಡಿಮೆಯಾದ ಗೋಚರತೆ, ಇವೆರಡೂ ಕನಿಷ್ಠ 3 ಗಂಟೆ ಮುಂದುವರಿದರೆ ಅದು ಬ್ಲಿಝರ್ಡ್. ಈ ವ್ಯಾಖ್ಯೆಯಲ್ಲಿ ಹೊಸ ಹಿಮ ಬೀಳಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ. ಉತ್ತರ ಡಕೋಟ ಮತ್ತು ಮಿನ್ನೆಸೋಟಗಳ ನಡುವಿನ ರೆಡ್ ನದಿ ಕಣಿವೆ ಚಪ್ಪಟೆಯಾದ ಬಯಲಾಗಿರುವುದರಿಂದ, ಮೊದಲೇ ಬಿದ್ದ ಒಣ ಹಿಮವನ್ನು ಗಾಳಿ ನೆಲದಿಂದೆತ್ತಿ ಹಾರಿಸುತ್ತದೆ. ತಲೆಯ ಮೇಲೆ ನೀಲಿ ಆಕಾಶವಿದ್ದರೂ ಕಾರಿನ ಎದುರಿನ ರಸ್ತೆ ಕಾಣುವುದಿಲ್ಲ. ಇಂಥ ದಿನಕ್ಕೆ ಹಿಂದಿನ ರಾತ್ರಿಯೇ ಪೆಟ್ರೋಲ್ ಬಂಕ್ ಮತ್ತು ತಂಗುವ ಕೋಣೆ ಇರುವ ಊರನ್ನು ಸೇರಿಕೊಂಡು, ಅಲ್ಲಿಂದ ನಡೆದು ಹೋಗಬಹುದಾದ ದೂರದಲ್ಲೇ ಕೆಲಸ ಮಾಡುವುದು ಸರಿಯಾದ ಕ್ರಮ. 2022ರ ಡಿಸೆಂಬರ್‌ನ ಕ್ರಿಸ್‌ಮಸ್ ಹೊತ್ತಿನ ಬ್ಲಿಝರ್ಡ್‌ನಲ್ಲಿ ಬಫಲೊ ಸುತ್ತಮುತ್ತ ಹಲವಾರು ಜನ ಸತ್ತರು, ಅವರಲ್ಲಿ ಕೆಲವರು ಸಿಕ್ಕಿಬಿದ್ದ ವಾಹನಗಳಲ್ಲೇ ಕೊನೆಯುಸಿರೆಳೆದರು. ಸಂಚಾರ ನಿಷೇಧ ಜಾರಿಯಾದ ಮೇಲೆ ಕ್ಯಾಮೆರಾ ಹಿಡಿದು ಹೊರಟವರು ರಕ್ಷಣಾ ಸಿಬ್ಬಂದಿಗೆ ಇನ್ನೊಂದು ಹೊರೆಯಾಗುತ್ತಾರೆ, ಅಂಥ ದೃಶ್ಯವನ್ನು ಜವಾಬ್ದಾರಿಯುಳ್ಳ ವಾಹಿನಿಗಳು ಕೊಳ್ಳಲೂಬಾರದು.

ಹಿಮದಲ್ಲಿ ಕ್ಯಾಮೆರಾ ತನ್ನಷ್ಟಕ್ಕೆ ತೀರ್ಮಾನಿಸುವ ಎಲ್ಲವೂ ತಪ್ಪಾಗುತ್ತದೆ. ಚೌಕಟ್ಟಿನ ತುಂಬ ಬಿಳುಪಿದ್ದಾಗ ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೂದು ಬಣ್ಣಕ್ಕೆ ಇಳಿಸುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪ್ ಏರಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು), ಅತಿ ಬೆಳಕಿನ ಜಾಗಗಳ ಮೇಲೆ ತೆರೆಯಲ್ಲಿ ಮೂಡುವ ಝೀಬ್ರಾ ಪಟ್ಟೆಗಳನ್ನು ನೋಡಿ ಬಿಳುಪು ಸುಟ್ಟುಹೋಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಟೊಫೋಕಸ್ ಲೆನ್ಸಿನ ಹತ್ತಿರ ಹಾರುವ ಹಿಮದ ಚೂರುಗಳ ಹಿಂದೆ ಓಡುತ್ತದೆ, ಆದ್ದರಿಂದ ಕೈಯಿಂದಲೇ ಫೋಕಸ್ ಮಾಡಿ ಅಲ್ಲಿಗೇ ನಿಲ್ಲಿಸಬೇಕು. ವೈಟ್ ಬ್ಯಾಲೆನ್ಸನ್ನೂ ಕೈಯಿಂದಲೇ ಹೊಂದಿಸಬೇಕು, ಇಲ್ಲದಿದ್ದರೆ ಒಂದೇ ಶಾಟಿನ ನಡುವೆ ಹಿಮ ನೀಲಿಯಿಂದ ಹಳದಿಗೆ ತಿರುಗೀತು. ಬಿಳಿಯ ಹಿನ್ನೆಲೆಯಲ್ಲಿ ಬೀಳುವ ಹಿಮ ಕಾಣುವುದೇ ಇಲ್ಲ. ಪೈನ್ ಮರಗಳ ಸಾಲು, ಕಪ್ಪು ಗೋಡೆ, ಸಂಚಾರ ದೀಪದ ಕೆಂಪು ಇವುಗಳ ಎದುರು ಹಿಡಿದರೆ ಪ್ರತಿ ಚೂರೂ ಎದ್ದುಕಾಣುತ್ತದೆ. ಸೆಕೆಂಡಿನ 1/60 ಶಟರಿನಲ್ಲಿ ಹಿಮ ಗೆರೆಗಳಾಗಿ ಗಾಳಿಯ ವೇಗವನ್ನು ತೋರಿಸುತ್ತದೆ, 1/500ರಲ್ಲಿ ಬಿಡಿಬಿಡಿ ಚುಕ್ಕೆಗಳಾಗಿ ನಿಲ್ಲುತ್ತದೆ. ಬಿರುಗಾಳಿಗೆ ಮೊದಲನೆಯದು, ಶಾಂತವಾಗಿ ಇಳಿಯುವ ದಪ್ಪ ಹಿಮಕ್ಕೆ ಎರಡನೆಯದು ಒಪ್ಪುತ್ತದೆ.

ಚಳಿ ಸಲಕರಣೆಯನ್ನು ಹೇಗೆ ಕಾಡುತ್ತದೆ ಎಂಬುದನ್ನು ಜನವರಿಯಲ್ಲಿ ಸುಪೀರಿಯರ್‌ನ ದಂಡೆಯ ಮೇಲೆ ನೋಡಬೇಕು. ಮೈನಸ್ 25 ಡಿಗ್ರಿಯ ಮುಂಜಾನೆ ಹೆಪ್ಪುಗಟ್ಟದ ನೀರಿನಿಂದ ಆವಿ ಕಂಬಗಳಂತೆ ಮೇಲೆದ್ದು ಸುತ್ತುತ್ತಿರುತ್ತದೆ. ಸೂರ್ಯ ಅದರ ಹಿಂದಿನಿಂದ ಹುಟ್ಟುವಾಗ ಇಡೀ ಸರೋವರಕ್ಕೆ ಕಿತ್ತಳೆ ಬಣ್ಣ ಬರುತ್ತದೆ. ಆ ಆವಿ ದಂಡೆಯ ಕಡೆ ತಿರುಗಿದೊಡನೆ ಲೆನ್ಸಿನ ಅಂಚಿನಿಂದ ಸಣ್ಣ ಗರಿಗಳಂತೆ ಹರಳು ಕಟ್ಟುತ್ತ ನಡುವಿಗೆ ಸರಿಯುತ್ತದೆ. ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಗಾಜು ನಮ್ಮ ಉಸಿರಿಗೇ ಮುಚ್ಚಿಹೋಗುತ್ತದೆ, ತೆರೆಯ ಮೇಲಿನ ಚಿತ್ರ ನಿಧಾನಗೊಂಡು ಎಳೆದಂತಾಗುತ್ತದೆ, ತುಂಬ ಚಾರ್ಜ್ ಇದೆಯೆಂದು ತೋರಿಸುತ್ತಿದ್ದ ಬ್ಯಾಟರಿ ಮುನ್ಸೂಚನೆಯಿಲ್ಲದೆ ಸತ್ತುಹೋಗುತ್ತದೆ. ಲೆನ್ಸಿನ ಸುತ್ತ ರಾಸಾಯನಿಕ ಕೈಬಿಸಿಯ ಚೀಲವೊಂದನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿದರೆ ಹರಳು ಕಟ್ಟುವುದು ನಿಲ್ಲುತ್ತದೆ. ಹೆಚ್ಚುವರಿ ಬ್ಯಾಟರಿಗಳನ್ನು ಅಂಗಿಯ ಒಳಜೇಬಿನಲ್ಲಿ, ಮೈಶಾಖಕ್ಕೆ ತಾಗುವಂತೆ ಇಟ್ಟುಕೊಳ್ಳಬೇಕು. ಚಳಿಗೆ ಸತ್ತ ಬ್ಯಾಟರಿ ಅಲ್ಲಿ ಬೆಚ್ಚಗಾದ ಮೇಲೆ ಇನ್ನಷ್ಟು ಹೊತ್ತು ಕೆಲಸ ಮಾಡುತ್ತದೆ. ಕೆಲಸ ಮುಗಿಸಿ ಬೆಚ್ಚನೆಯ ಕೋಣೆಗೆ ಹೋಗುವ ಮೊದಲು, ಹೊರಗಿನ ಚಳಿಯಲ್ಲೇ, ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಬೇಕು. ಆಗ ತೇವ ಚೀಲದ ಹೊರಮೈ ಮೇಲೆ ಕೂಡುತ್ತದೆಯೇ ಹೊರತು ಲೆನ್ಸಿನ ಒಳಗಲ್ಲ. ದೃಶ್ಯಗಳನ್ನು ತುರ್ತಾಗಿ ಕಳಿಸಬೇಕಿದ್ದರೆ ಮೆಮೊರಿ ಕಾರ್ಡನ್ನು ಚೀಲ ಮುಚ್ಚುವ ಮೊದಲೇ ತೆಗೆದಿಟ್ಟುಕೊಳ್ಳಿ, ಕ್ಯಾಮೆರಾ ಕೋಣೆಯ ಶಾಖಕ್ಕೆ ಬರಲು ಕೆಲವು ಗಂಟೆಗಳೇ ಹಿಡಿಯಬಹುದು.

ಮೈಯನ್ನೂ ಹಾಗೆಯೇ ಕಾಪಾಡಿಕೊಳ್ಳಬೇಕು. ಗಾಳಿಯನ್ನೂ ಲೆಕ್ಕಕ್ಕೆ ಹಿಡಿದ ಚಳಿಯ ಸೂಚ್ಯಂಕ ಮೈನಸ್ 28ಕ್ಕೆ ಇಳಿದರೆ ತೆರೆದ ಚರ್ಮ ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಬಹುದು. ಒಳಗೆ ಬೆರಳಾಡುವ ತೆಳು ಗವಸು, ಅದರ ಮೇಲೆ ದಪ್ಪ ಗವಸು, ಹೀಗೆ ಎರಡು ಪದರ ಧರಿಸಬೇಕು. ಟ್ರೈಪಾಡಿನ ಲೋಹದ ಕಾಲುಗಳಿಗೆ ಫೋಮ್ ಸುತ್ತಬೇಕು. ವಾಹನದಲ್ಲಿ ಸಲಿಕೆ, ಮರಳು, ಕಂಬಳಿ, ನೀರು, ಒಣ ಆಹಾರ ಇರಲಿ, ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗಿಳಿಯದಿರಲಿ. ಹಿಮದಲ್ಲಿ ಸಿಕ್ಕಿಬಿದ್ದರೆ ವಾಹನ ಬಿಟ್ಟು ನಡೆಯಬೇಡಿ. ಗಂಟೆಗೆ ಹತ್ತು ನಿಮಿಷದಷ್ಟು ಮಾತ್ರ ಎಂಜಿನ್ ಓಡಿಸಿ, ಪ್ರತಿ ಬಾರಿಯೂ ಓಡಿಸುವ ಮೊದಲು ಹೊಗೆಕೊಳವೆಯ ಸುತ್ತಲಿನ ಹಿಮವನ್ನು ತೆಗೆದು, ಗಾಳಿ ಬೀಸುವ ಕಡೆಗೆ ಬೆನ್ನಾದ ಕಿಟಕಿಯನ್ನು ಒಂದೆಳೆ ತೆರೆದಿಡಿ. ಹೊಗೆಕೊಳವೆ ಮುಚ್ಚಿಹೋದರೆ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಒಳಗೆ ತುಂಬಿಕೊಳ್ಳುತ್ತದೆ.

ಇಷ್ಟೆಲ್ಲ ಕಷ್ಟಕ್ಕೆ ಚಳಿಗಾಲ ಕೊಡುವ ಪ್ರತಿಫಲ ಬೆಳಕು. ಡಿಸೆಂಬರ್ ಕೊನೆಯಲ್ಲಿ ಡುಲೂತ್‌ನ ಹಗಲು ಸುಮಾರು ಎಂಟೂವರೆ ಗಂಟೆ, ಆದರೆ ಅಷ್ಟೂ ಹೊತ್ತು ಸೂರ್ಯ ದಿಗಂತದ ಹತ್ತಿರವೇ ಚಲಿಸುವುದರಿಂದ ನೆರಳುಗಳು ನಡುಹಗಲಿನಲ್ಲೂ ಉದ್ದವಾಗಿಯೇ ಇರುತ್ತವೆ. ಗಾಳಿಯಲ್ಲಿ ಹಿಮದ ಹರಳುಗಳು ತೇಲುತ್ತಿದ್ದರೆ ಸೂರ್ಯನ ಎರಡೂ ಬದಿಗೆ 22 ಡಿಗ್ರಿ ದೂರದಲ್ಲಿ ಸಣ್ಣ ಮರಿಸೂರ್ಯರು ಮೂಡುತ್ತಾರೆ. ರಾತ್ರಿ ಅದೇ ಹರಳುಗಳು ಊರಿನ ದೀಪಗಳ ಮೇಲೆ ಬಣ್ಣದ ಕಂಬಗಳನ್ನು ನಿಲ್ಲಿಸುತ್ತವೆ. ಸೂರ್ಯನನ್ನು ದೀಪದ ಕಂಬದ ಅಥವಾ ಮರದ ಹಿಂದೆ ಮರೆಮಾಡಿ, ಅಗಲವಾದ ಲೆನ್ಸಿನಲ್ಲಿ, ಎಕ್ಸ್‌ಪೋಷರ್ ತಗ್ಗಿಸಿ ತೆಗೆದರೆ ಮರಿಸೂರ್ಯರ ಬಣ್ಣ ಉಳಿಯುತ್ತದೆ.

ಏಪ್ರಿಲ್: ಹಿಮ ಕರಗುವಾಗ

ರೆಡ್ ನದಿ ಉತ್ತರಕ್ಕೆ ಹರಿಯುತ್ತದೆ. ದಕ್ಷಿಣದಲ್ಲಿ ಮೊದಲು ಕರಗಿದ ಹಿಮದ ನೀರು, ಉತ್ತರದಲ್ಲಿ ಇನ್ನೂ ಹೆಪ್ಪುಗಟ್ಟಿರುವ ನದಿಗೆ ಬಂದು ತಡೆಯುತ್ತದೆ. ಕಣಿವೆಯಾದರೋ ಪ್ರಾಚೀನ ಹಿಮಯುಗದ ಅಗಾಸಿ ಸರೋವರದ ಚಪ್ಪಟೆ ತಳ, ಆದ್ದರಿಂದ ದಡ ಮೀರಿದ ನೀರು ಮೈಲಿಗಟ್ಟಲೆ ಹರಡುತ್ತದೆ. 1997ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಫೋರ್ಕ್ಸ್‌ನಲ್ಲಿ ನದಿ 54 ಅಡಿ ದಾಟಿ ಏರಿ ಊರನ್ನು ಮುಳುಗಿಸಿತು, ನೀರಿನ ನಡುವೆಯೇ ನಗರದ ಮಧ್ಯಭಾಗ ಹೊತ್ತಿ ಉರಿಯಿತು. ಈ ನೆರೆ ದಿಢೀರನೆ ಬರುವುದಿಲ್ಲ, ವಾರಗಳ ಮೊದಲೇ ಮುನ್ಸೂಚನೆ ಇರುತ್ತದೆ. ಆದ್ದರಿಂದ ಇಲ್ಲಿಯ ಕೆಲಸ ಓಟದ್ದಲ್ಲ, ತಾಳ್ಮೆಯದು: ಸೇತುವೆಯ ಕಂಬ, ಮರ, ಬೀದಿಯ ಹೆಸರುಫಲಕ ಇಂಥ ಒಂದು ಗುರುತನ್ನು ಆರಿಸಿಕೊಂಡು, ಪ್ರತಿದಿನ ಅದೇ ಜಾಗದಿಂದ, ಅದೇ ಲೆನ್ಸಿನಲ್ಲಿ, ಅದೇ ಹೊತ್ತಿಗೆ ತೆಗೆಯಬೇಕು. ಮರಳುಚೀಲ ತುಂಬುವವರ ಕೈಗಳು, ಪಂಪಿನ ಸದ್ದು, ಖಾಲಿಯಾಗುತ್ತಿರುವ ಮನೆ ಇವು ನೀರಿನಷ್ಟೇ ಮುಖ್ಯ. ರಸ್ತೆಯ ಮೇಲೆ ಹರಿಯುವ ನೀರಿಗೆ ವಾಹನ ಇಳಿಸಬೇಡಿ. ಒಂದಡಿ ಆಳದ ಹರಿವು ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು.

ಇದೇ ಕಾಲಕ್ಕೆ ಸರೋವರಗಳ ಮಂಜುಗಡ್ಡೆ ಸಡಿಲಗೊಂಡು, ಬಲವಾದ ಗಾಳಿಗೆ ದಂಡೆಯ ಮೇಲೆ ಏರಿ ಬರುವುದೂ ಉಂಟು. 2013ರ ಮೇ ತಿಂಗಳಲ್ಲಿ ಮಿನ್ನೆಸೋಟದ ಮಿಲ್ ಲ್ಯಾಕ್ಸ್ ಸರೋವರದ ಮಂಜುಗಡ್ಡೆ ದಂಡೆಯ ಮನೆಗಳ ಬಾಗಿಲಿಗೇ ಬಂದು ರಾಶಿಬಿತ್ತು. ಗಾಜಿನ ಚೂರುಗಳು ಉರುಳಿದಂಥ ಅದರ ಸದ್ದು ಚಿತ್ರಕ್ಕಿಂತ ಹೆಚ್ಚು ಮಾತನಾಡುತ್ತದೆ, ಮೈಕನ್ನು ಹತ್ತಿರವಿಡಿ, ನೀವು ದೂರವಿರಿ.

ಜೂನ್, ಜುಲೈ: ಸೂಪರ್‌ಸೆಲ್‌ಗಳ ಕಾಲ

ದಕ್ಷಿಣದಲ್ಲಿ ಸುಂಟರಗಾಳಿಯ ಋತು ಇಳಿಮುಖವಾಗುವ ಹೊತ್ತಿಗೆ ಉತ್ತರದ ಬಯಲುಗಳಲ್ಲಿ ಅದು ಏರುತ್ತದೆ. ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೋಡದ ಆಗ್ನೇಯಕ್ಕೆ ನಿಲ್ಲಬೇಕೆಂದು ಬರೆದಿರುತ್ತದೆ, ಈಶಾನ್ಯಕ್ಕೆ ಚಲಿಸುವ ಮೋಡಕ್ಕೆ ಅದು ಸರಿಯೇ. ಆದರೆ ಜುಲೈನಲ್ಲಿ ಮೇಲ್ಗಾಳಿ ಅನೇಕ ದಿನ ವಾಯವ್ಯದಿಂದ ಬೀಸುವುದರಿಂದ ಉತ್ತರದ ಮೋಡಗಳು ಆಗ್ನೇಯಕ್ಕೇ ಸಾಗುತ್ತವೆ; ಆ ದಿನ ಆಗ್ನೇಯಕ್ಕೆ ನಿಂತವರು ಅದರ ದಾರಿಯ ಮೇಲೆಯೇ ನಿಂತಿರುತ್ತಾರೆ. ದಿಕ್ಸೂಚಿಯ ಬದಲು ಮೋಡದ ಚಲನೆಯನ್ನು ಆಧಾರವಾಗಿಟ್ಟುಕೊಳ್ಳಿ: ಅದು ಸಾಗುವ ದಿಕ್ಕಿಗೆ ಬಲಭಾಗದಲ್ಲಿ, ತುಸು ಮುಂದೆ, ಮಳೆಯ ಪರದೆ ನಿಮಗೂ ತಿರುಗುವ ಭಾಗಕ್ಕೂ ನಡುವೆ ಬರದಂತೆ ನಿಲ್ಲಬೇಕು.

ರಸ್ತೆಯ ನಕ್ಷೆಯನ್ನು ಮೋಡದ ನಕ್ಷೆಯಷ್ಟೇ ಶ್ರದ್ಧೆಯಿಂದ ಓದಬೇಕು. ಡಕೋಟಗಳ ಬಯಲಿನಲ್ಲಿ ಹಳ್ಳಿರಸ್ತೆಗಳು ಮೈಲಿಗೊಂದರಂತೆ ಚೌಕಟ್ಟಾಗಿ ಹಾದಿರುವುದರಿಂದ ತಪ್ಪಿಸಿಕೊಳ್ಳಲು ನಾಲ್ಕೂ ಕಡೆ ದಾರಿ ಇರುತ್ತದೆ, ಆದರೆ ರೆಡ್ ನದಿ ಕಣಿವೆಯ ಜಿಗುಟು ಮಣ್ಣಿನ ರಸ್ತೆ ಒಂದು ಮಳೆಗೆ ಚಕ್ರಗಳನ್ನು ಹಿಡಿದಿಟ್ಟುಬಿಡುತ್ತದೆ; ಜಲ್ಲಿ ಹಾಕಿದ ಅಥವಾ ಟಾರಿನ ರಸ್ತೆಯನ್ನು ಬಿಟ್ಟಿಳಿಯಬಾರದು. ಉತ್ತರ ಮಿನ್ನೆಸೋಟ ಮತ್ತು ವಿಸ್ಕಾನ್ಸಿನ್‌ಗಳಲ್ಲಿ ಕಾಡು ನೋಟವನ್ನು ಮುಚ್ಚುತ್ತದೆ, ಸರೋವರಗಳು ರಸ್ತೆಯನ್ನು ಕತ್ತರಿಸುತ್ತವೆ. ಅಲ್ಲಿ ಮೋಡವನ್ನು ಬೆನ್ನಟ್ಟದೆ, ಅದು ಬಯಲಿಗೆ ಬರುವ ಕಡೆ ಮೊದಲೇ ಹೋಗಿ ಕಾಯುವುದೇ ಲೇಸು. ಫೋನಿನ ತೆರೆಯ ಮೇಲಿನ ರಾಡಾರ್ ಚಿತ್ರ ಹಲವು ನಿಮಿಷ ಹಳೆಯದಾಗಿರಬಹುದು, ಅದರ ಮೂಲೆಯಲ್ಲಿರುವ ಸಮಯವನ್ನು ಪ್ರತಿ ಬಾರಿಯೂ ನೋಡಬೇಕು. ಎದುರಿಗಿರುವ ಆಕಾಶ ಮತ್ತು ಕೈಯಲ್ಲಿರುವ ತೆರೆ ಬೇರೆ ಬೇರೆ ಹೇಳಿದರೆ ಆಕಾಶವನ್ನು ನಂಬಬೇಕು.

2013ರ ಮೇ 31ರಂದು ಒಕ್ಲಹೋಮದ ಎಲ್ ರೀನೊ ಹತ್ತಿರ 4 ಕಿಲೋಮೀಟರ್‌ಗೂ ಹೆಚ್ಚು ಅಗಲಕ್ಕೆ ಬೆಳೆದ ಸುಂಟರಗಾಳಿ ದಿಕ್ಕು ಬದಲಿಸಿದಾಗ, ವರ್ಷಗಳ ಅನುಭವವುಳ್ಳ ಸಂಶೋಧಕ ಟಿಮ್ ಸಮಾರಸ್, ಅವರ ಮಗ ಪಾಲ್ ಮತ್ತು ಸಹೋದ್ಯೋಗಿ ಕಾರ್ಲ್ ಯಂಗ್ ಪ್ರಾಣ ಕಳೆದುಕೊಂಡರು. ಅವರಿಗಿಂತ ಹೆಚ್ಚು ತಿಳಿದವರು ವಿರಳ. ಗಾತ್ರದಿಂದ ಬಲವನ್ನು ಅಳೆಯುವುದೂ ತಪ್ಪು: 2007ರ ಜೂನ್ 22ರಂದು ಮ್ಯಾನಿಟೋಬದ ಈಲೈ ಊರಿನ ಸುಂಟರಗಾಳಿ ತೆಳ್ಳಗಿದ್ದಾಗಲೇ ಮನೆಯೊಂದನ್ನು ಅಡಿಪಾಯದಿಂದ ಕಿತ್ತೊಯ್ದಿತ್ತು, ಕೆನಡಾದಲ್ಲಿ ಅತಿ ತೀವ್ರವಾದ ಎಫ್5 ದರ್ಜೆ ಪಡೆದ ಸುಂಟರಗಾಳಿ ಅದೊಂದೇ. ಆಲಿಕಲ್ಲಿನ ವಿಷಯವನ್ನೂ ಹಗುರವಾಗಿ ಕಾಣಬಾರದು. ಅಮೆರಿಕದಲ್ಲಿ ದಾಖಲಾದ ಅತಿ ದೊಡ್ಡ ಆಲಿಕಲ್ಲು, 20 ಸೆಂಟಿಮೀಟರ್ ವ್ಯಾಸದ್ದು, 2010ರ ಜುಲೈ 23ರಂದು ದಕ್ಷಿಣ ಡಕೋಟದ ವಿವಿಯನ್‌ನಲ್ಲಿ ಬಿದ್ದಿತು.

ಚಿತ್ರೀಕರಣದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅಲುಗಾಡದಿರುವುದು. ಟ್ರೈಪಾಡ್ ಊರಲು ಸಮಯವಿಲ್ಲದಿದ್ದರೆ ಕಾರಿನ ಕಿಟಕಿಗೆ ಸಿಕ್ಕಿಸುವ ಹಿಡಿಕೆ ಬಳಸಿ. ಅಗಲವಾದ ಚೌಕಟ್ಟಿನಲ್ಲಿ ದಿಗಂತ, ಮರ, ಗೋದಾಮು ಇವುಗಳಲ್ಲೊಂದನ್ನಾದರೂ ಸೇರಿಸಿ. ಪ್ರತಿ ಶಾಟನ್ನೂ ಕನಿಷ್ಠ ಹದಿನೈದು ಸೆಕೆಂಡು ತಡೆದು ಹಿಡಿಯಿರಿ. ಊರು, ರಸ್ತೆಯ ಸಂಖ್ಯೆ, ಸಮಯ, ನೋಡುತ್ತಿರುವ ದಿಕ್ಕು ಇವನ್ನು ಆರಂಭದಲ್ಲೇ ಸ್ಪಷ್ಟವಾಗಿ ಹೇಳಿ, ಆಮೇಲೆ ಮೌನವಾಗಿರಿ. ಕೂಗಾಟ ತುಂಬಿದ ದೃಶ್ಯಕ್ಕಿಂತ ಗಾಳಿಯ ಸದ್ದಷ್ಟೇ ಇರುವ ದೃಶ್ಯವನ್ನು ವಾಹಿನಿಗಳು ಮತ್ತೆ ಮತ್ತೆ ಬಳಸುತ್ತವೆ.

ಸುಂಟರಗಾಳಿ ಸಿಗದ ದಿನಗಳೇ ಹೆಚ್ಚು, ಆಗ ಕೆಲಸಕ್ಕೆ ಬರುವುದು ಗುಡುಗುಮೋಡದ ಮುಂಚೂಣಿಯಲ್ಲಿ ಸುರುಳಿಯಾಗಿ ಬರುವ ಶೆಲ್ಫ್ ಕ್ಲೌಡ್. ಮೊದಲು ಮೋಡದ ಕಡೆಗೆ ಹರಿಯುತ್ತಿದ್ದ ಬೆಚ್ಚನೆಯ ಗಾಳಿ ನಿಂತುಹೋಗುತ್ತದೆ, ಜೋಳದ ಎಲೆಗಳ ಸದ್ದೂ ಅಡಗುತ್ತದೆ, ಮರುಕ್ಷಣ ಎದುರಿನಿಂದ ಒದ್ದೆ ಮಣ್ಣಿನ ವಾಸನೆಯ ತಂಪು ಮುಖಕ್ಕೆ ಬಡಿಯುತ್ತದೆ. ಆ ತಂಪು ತಾಗಿದಾಗ ಟ್ರೈಪಾಡ್ ಮಡಚಲು ಕೆಲವೇ ನಿಮಿಷಗಳಿರುತ್ತವೆ. ಗುಡುಗು ಕೇಳಿಸುತ್ತಿದ್ದರೆ ಸಿಡಿಲು ನಿಮ್ಮನ್ನು ಮುಟ್ಟಬಲ್ಲ ದೂರದಲ್ಲಿದೆ ಎಂದೇ ಅರ್ಥ, ಮುಚ್ಚಿದ ವಾಹನದೊಳಗಿಂದ ಕೆಲಸ ಮುಂದುವರಿಸಿ. ಸಿಡಿಲಿಗೆ ಶಟರನ್ನು ವೇಗವಾಗಿಟ್ಟರೆ ಅರ್ಧ ಚೌಕಟ್ಟಷ್ಟೇ ಬೆಳಗಿದ ಚಿತ್ರಗಳು ಬರುತ್ತವೆ. ಫ್ರೇಂ ವೇಗ ಅನುಮತಿಸುವಷ್ಟು ನಿಧಾನಕ್ಕೆ ಇಳಿಸಿ. ಜೂನ್‌ನಲ್ಲಿ ಈ ಅಕ್ಷಾಂಶದಲ್ಲಿ ರಾತ್ರಿ ಹತ್ತರ ಹೊತ್ತಿಗೂ ಪಡುವಣದಲ್ಲಿ ಬೆಳಕಿರುತ್ತದೆ, ದೂರ ಸರಿಯುತ್ತಿರುವ ಮೋಡದ ಮೇಲೆ ಆ ನೀಲಿ ಬೆಳಕು ಬಿದ್ದಾಗ ಸಿಗುವ ಸಿಡಿಲಿನ ಚಿತ್ರ ದಕ್ಷಿಣದವರಿಗೆ ಲಭ್ಯವಿಲ್ಲ.

ಧ್ರುವಪ್ರಭೆ ಕಾಣುವ ರಾತ್ರಿಗಳು

ಧ್ರುವಪ್ರಭೆ, ಅಂದರೆ ರಾತ್ರಿಯ ಆಕಾಶದಲ್ಲಿ ಮೂಡಿ ಓಡಾಡುವ ಬಣ್ಣದ ಬೆಳಕು (ಅರೋರಾ), ಭೂಮಿಯ ಹವಾಮಾನವಲ್ಲ, ಸೂರ್ಯನದು. ಆದರೂ ಉತ್ತರದಲ್ಲಿ ಕೇಳಿ ಬರುವ ದೃಶ್ಯಗಳಲ್ಲಿ ಇದೂ ಒಂದು. 2024ರ ಮೇ 10ರ ರಾತ್ರಿ ಭೂಕಾಂತೀಯ ಬಿರುಗಾಳಿ ಅತಿ ತೀವ್ರವಾದ ಜಿ5 ಹಂತ ಮುಟ್ಟಿತು, 2003ರ ಅಕ್ಟೋಬರ್ ನಂತರ ಅದೇ ಮೊದಲು. ಕೊಲೊರಾಡೊದ ಬೋಲ್ಡರ್‌ನಲ್ಲಿರುವ ಬಾಹ್ಯಾಕಾಶ ಹವಾಮಾನ ಕೇಂದ್ರದ ಎಚ್ಚರಿಕೆಗಳನ್ನು ಫೋನಿಗೆ ತರಿಸಿಕೊಳ್ಳಿ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ಉಪಗ್ರಹಗಳು ಸೌರಮಾರುತವನ್ನು ಅಳೆಯುವುದರಿಂದ, ಅದು ಭೂಮಿ ಮುಟ್ಟುವ ಮೊದಲು ಕಾಲು ಗಂಟೆಯಿಂದ ಒಂದು ಗಂಟೆಯಷ್ಟು ಅವಧಿ ಸಿಗುತ್ತದೆ. ಆ ಅಳತೆಯಲ್ಲಿ ಕಾಂತಕ್ಷೇತ್ರ ದಕ್ಷಿಣಕ್ಕೆ ತಿರುಗಿ ಅಲ್ಲೇ ನಿಂತಿದ್ದರೆ ಹೊರಡಬಹುದು. ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಸುತ್ತಮುತ್ತ ಅವಕಾಶ ಹೆಚ್ಚು. ಬಿಡಿ ಚಿತ್ರಗಳನ್ನು ಜೋಡಿಸಿ ವೇಗವಾಗಿ ಓಡಿಸುವ ಟೈಮ್‌ಲ್ಯಾಪ್ಸ್ ಸುಲಭ, ಆದರೆ ಎಫ್1.8 ಅಥವಾ ಅದಕ್ಕಿಂತ ತೆರೆದ ಲೆನ್ಸಿನಲ್ಲಿ ನಿಜವಾದ ವೇಗದ ವಿಡಿಯೊ ತೆಗೆಯಲು ಪ್ರಯತ್ನಿಸಿ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಸೂಚಿಸುವ ಐಎಸ್‌ಒ ಸಂಖ್ಯೆಯನ್ನು 6400ಕ್ಕೂ ಮೇಲೆ ಏರಿಸಬೇಕಾದೀತು. ಚಿತ್ರ ಸ್ವಲ್ಪ ಒರಟಾದರೂ ಧ್ರುವಪ್ರಭೆ ಎಷ್ಟು ಬೇಗ ಓಡಾಡುತ್ತದೆ ಎಂಬ ಸತ್ಯ ಅದರಲ್ಲಷ್ಟೇ ಉಳಿಯುತ್ತದೆ.

ಮಾರಾಟ, ಹಕ್ಕು, ದಾಖಲೆ

ಹವಾಮಾನದ ದೃಶ್ಯ ಬೇಗ ಹಳಸುತ್ತದೆ. ಸಂಗೀತ, ಅಕ್ಷರ, ಬಣ್ಣದ ಅಲಂಕಾರ ಯಾವುದೂ ಇಲ್ಲದೆ, ಸಹಜ ಸದ್ದಿನೊಂದಿಗೆ, ಎರಡು ಮೂರು ನಿಮಿಷಗಳ ಆಯ್ದ ಶಾಟುಗಳನ್ನು ಅಡ್ಡ ಚೌಕಟ್ಟಿನಲ್ಲಿ ಆದಷ್ಟು ಬೇಗ ಕಳಿಸಬೇಕು. ಅದಕ್ಕಾಗಿ ಮೊಬೈಲ್ ಸಂಪರ್ಕವಿರುವ ಜಾಗವನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ಸಾಮಾಜಿಕ ಜಾಲತಾಣದಲ್ಲಿ ಹೆಸರು ಹಾಕುತ್ತೇವೆ, ಬಳಸಬಹುದೇ ಎಂದು ಯಾರಾದರೂ ಕೇಳಿದಾಗ ಸರಿ ಎಂದು ಉತ್ತರಿಸುವುದು ಹಣವಿಲ್ಲದೆ ಪರವಾನಗಿ ಕೊಟ್ಟಂತೆ. ಹಕ್ಕುಸ್ವಾಮ್ಯವನ್ನು ನಿಮ್ಮಲ್ಲೇ ಉಳಿಸಿಕೊಂಡು, ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ಬಳಸಬಹುದೆಂಬ ಲಿಖಿತ ಒಪ್ಪಂದವಿಲ್ಲದೆ ಯಾರಿಗೂ ಮೂಲ ಕಡತ ಕೊಡಬೇಡಿ. ಖಾಸಗಿ ಬಳಕೆಯ ವಾಹನ ವಿಮೆ ಇಂಥ ಕೆಲಸಕ್ಕೆ ಅನ್ವಯಿಸದಿರಬಹುದು, ಋತು ಶುರುವಾಗುವ ಮೊದಲು ಷರತ್ತುಗಳನ್ನು ಓದಿ.

ಡ್ರೋನ್ ಹಾರಿಸುವುದಾದರೆ ಅಮೆರಿಕದ ನಿಯಮಗಳಂತೆ ಹಣಕ್ಕಾಗಿ ಮಾಡುವ ಕೆಲಸಕ್ಕೆ ಪಾರ್ಟ್ 107 ಎಂಬ ಡ್ರೋನ್ ಚಾಲಕರ ಪ್ರಮಾಣಪತ್ರ ಬೇಕು, 400 ಅಡಿ ಎತ್ತರದ ಮಿತಿ ಇದೆ, ಗೋಚರತೆ 3 ಮೈಲಿಗೆ ಕಡಿಮೆ ಇರಬಾರದು. ಎಂದರೆ ಹಿಮದ ಬಿರುಗಾಳಿಯೊಳಗೆ ಸಾಮಾನ್ಯವಾಗಿ ಡ್ರೋನ್‌ಗೆ ಅವಕಾಶವೇ ಇಲ್ಲ. ಅನಾಹುತವಾದ ಊರಿನ ಮೇಲೆ ತಾತ್ಕಾಲಿಕ ಹಾರಾಟ ನಿಷೇಧವಿದೆಯೇ ಎಂದು ನೋಡದೆ ಹಾರಿಸಿದರೆ ರಕ್ಷಣಾ ಹೆಲಿಕಾಪ್ಟರ್‌ಗಳಿಗೆ ಅಡ್ಡಿಯಾಗುತ್ತದೆ.

ಹಾನಿಯಾದ ಜಾಗಕ್ಕೆ ಮೊದಲು ತಲುಪಿದವರು ನೀವೇ ಆಗಿದ್ದರೆ ಕ್ಯಾಮೆರಾ ಕೆಳಗಿಟ್ಟು ತುರ್ತು ಸಹಾಯದ 911ಕ್ಕೆ ಕರೆ ಮಾಡಿ, ಆಗುವ ಸಹಾಯ ಮಾಡಿ. ಸತ್ತವರನ್ನು ತೆಗೆಯಬೇಡಿ, ಮನೆ ಕಳೆದುಕೊಂಡವರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಹತ್ತಿರದಿಂದ ತೆಗೆಯಬೇಡಿ. ಕಂಡದ್ದನ್ನು ಹವಾಮಾನ ಕಚೇರಿಗೆ ಕೂಡಲೇ ತಿಳಿಸಿ. ಸುಂಟರಗಾಳಿ ಯಾವ ನಿಮಿಷ ಎಲ್ಲಿ ನೆಲ ಮುಟ್ಟಿತು ಎಂಬುದನ್ನು ಗೊತ್ತುಪಡಿಸುವಾಗ ಸರಿಯಾದ ಸಮಯವುಳ್ಳ ವಿಡಿಯೊ ಅವರಿಗೆ ನೆರವಾಗುತ್ತದೆ, ಆದ್ದರಿಂದ ಹೊರಡುವ ಮುನ್ನ ಕ್ಯಾಮೆರಾದ ಗಡಿಯಾರವನ್ನು ಫೋನಿನ ಗಡಿಯಾರಕ್ಕೆ ಹೊಂದಿಸಿ. ಮನೆಗೆ ಬಂದ ರಾತ್ರಿಯೇ ಕಡತಗಳಿಗೆ ದಿನಾಂಕ, ಊರು, ಕೌಂಟಿ, ವಿದ್ಯಮಾನ ಈ ಕ್ರಮದಲ್ಲಿ ಹೆಸರಿಟ್ಟು, ಒಂದು ಪ್ರತಿಯನ್ನು ಬೇರೊಂದು ಕಟ್ಟಡದಲ್ಲಿಡಿ. ಹತ್ತು ವರ್ಷದ ಹಿಂದಿನ ನೆರೆಯ ದೃಶ್ಯವನ್ನು ವಾಹಿನಿಯೊಂದು ಬೆಳಿಗ್ಗೆ ಕೇಳಿದರೆ ಮಧ್ಯಾಹ್ನದೊಳಗೆ ಕಳಿಸಬಲ್ಲವರಿಗೆ, ಆಕಾಶ ತಿಳಿಯಾಗಿರುವ ವಾರಗಳಲ್ಲೂ ಆದಾಯವಿರುತ್ತದೆ.